ಉಗ್ರಾಣದ ಕೀಲಿಕೈ

ನಮ್ಮ ಮನೆಗಳಲ್ಲಿ 60 ತುಂಬಿದಾಗ ಷಷ್ಟ್ಯಬ್ದಿಪೂರ್ತಿ, 70ಕ್ಕೆ ಭೀಮರಥಶಾಂತಿ, 80 ದಾಟಿದ ಮೇಲೆ ಸಹಸ್ರಚಂದ್ರದರ್ಶನ ಶಾಂತಿ ನಡೆಯುವುದು ವಾಡಿಕೆ. ಹುಣ್ಣಿಮೆಯಿಂದ ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನಕ್ಕಿಂತ ತುಸು ಹೆಚ್ಚು. ಆ ಲೆಕ್ಕದಲ್ಲಿ ಸಾವಿರ ಹುಣ್ಣಿಮೆಗಳಿಗೆ ಸುಮಾರು 80 ವರ್ಷ 10 ತಿಂಗಳು ಬೇಕು. ಈ ಲೆಕ್ಕವನ್ನು ಕುರಿತು ಇಬ್ಬರು ಹಿರಿಯರು ಬೆಳಗಿನ ಕಾಫಿಯಿಂದ ಮಧ್ಯಾಹ್ನದ ನೈವೇದ್ಯದವರೆಗೂ ವಾದಿಸಬಲ್ಲರು. ವಾರ್ಧಕ್ಯದ ನಿರಪಾಯಕರ ಸುಖಗಳಲ್ಲಿ ಇದೂ ಒಂದು. ಕಲಶದ ನೀರು ತಲೆಯ ಮೇಲೆ ಬಿದ್ದಾಗ ಶಾಂತಿಯೇನೋ ಆಗುತ್ತದೆ. ಮರುದಿನ ಸಾರಿಗೆ ಉಪ್ಪು ಕಡಿಮೆಯಾದಾಗ ಏನಾಗುತ್ತದೆ ಎಂಬುದೇ ಪ್ರಶ್ನೆ.

ವಯಸ್ಸಾದವರ ದುಃಖಕ್ಕೆ ಮೊಣಕಾಲು ನೋವು, ಸಕ್ಕರೆ ಕಾಯಿಲೆ, ಕಣ್ಣಿನ ಪೊರೆ ಎಂದು ಕಾರಣಗಳನ್ನು ಹೇಳುವುದುಂಟು. ಅವು ಸುಳ್ಳಲ್ಲ. ಆದರೆ ಕಣ್ಣಿನ ಪೊರೆಯನ್ನು ಇಂದು ಅರ್ಧ ಗಂಟೆಯೊಳಗೆ ತೆಗೆದುಬಿಡುತ್ತಾರೆ. ‘ಈ ಮನೆ ನನ್ನ ಮಾತಿನಂತೆಯೇ ನಡೆಯಬೇಕು’ ಎಂಬ ಪೊರೆಗೆ ಅಂತಹ ಶಸ್ತ್ರಚಿಕಿತ್ಸೆಯಿಲ್ಲ. ಮೊಮ್ಮಗನು ಮೊಬೈಲಿನಲ್ಲಿ ನೋಡಿ ಪಾರಣೆಯ ವೇಳೆಯನ್ನು ಸರಿಯಾಗಿಯೇ ಹೇಳಿರುತ್ತಾನೆ. ಆದರೂ ಅಜ್ಜನವರು ಗೂಟದಿಂದ ಪಂಚಾಂಗವನ್ನು ಇಳಿಸಿ, ತಿರುವಿ, ‘ಹೌದು, ಸರಿಯಾಗಿದೆ’ ಎಂದ ಮೇಲೆಯೇ ಸಮಯ ಸರಿಯಾಗುವುದು.

ಅಧಿಕಾರವನ್ನು ಬಿಟ್ಟುಕೊಡುವ ರೀತಿಯನ್ನು ನಮ್ಮವರು ನೋಡಿಲ್ಲವೆಂದಲ್ಲ. ಉಡುಪಿಯ ಶ್ರೀಕೃಷ್ಣಪೂಜೆಯ ಸರದಿಯನ್ನು ಶ್ರೀವಾದಿರಾಜರು ಎರಡು ತಿಂಗಳಿಂದ ಎರಡು ವರ್ಷಗಳಿಗೆ ವಿಸ್ತರಿಸಿದರು. ಅಂದಿನಿಂದ ಪ್ರತಿ ಪರ್ಯಾಯದಲ್ಲೂ ನಿರ್ಗಮಿಸುವ ಶ್ರೀಪಾದರು ಅಕ್ಷಯಪಾತ್ರೆ, ಸಟ್ಟುಗ, ಕೀಲಿಕೈಗಳನ್ನು ಬರುವ ಶ್ರೀಪಾದರಿಗೆ ಒಪ್ಪಿಸುತ್ತಾರೆ. ಸರದಿ ಮರಳಿ ಬರಲು 14 ವರ್ಷ ಕಾಯಬೇಕು. ಅಡಿಗೆಯ ಪಾತ್ರೆ, ಬಡಿಸುವ ಸಟ್ಟುಗ, ಬೀಗದ ಕೈ: ಒಂದು ಮನೆಯ ಯಜಮಾನಿಕೆಯೂ ಈ ಮೂರರಲ್ಲೇ ಅಡಗಿದೆಯಲ್ಲವೇ? ಆದರೆ ಒಂದು ವ್ಯತ್ಯಾಸವುಂಟು. ಅಲ್ಲಿ ಒಪ್ಪಿಸಿದವರಿಗೆ ಮರಳಲು ತಮ್ಮದೇ ಮಠವಿದೆ. ಇಲ್ಲಿ ಉಗ್ರಾಣದ ಕೀಲಿಕೈಯನ್ನು ಸೊಸೆಗೆ ಕೊಟ್ಟ ಅತ್ತೆಯವರು ಅದೇ ಉಗ್ರಾಣದ ಎದುರಿನ ಹಜಾರದಲ್ಲೇ ಕುಳಿತಿರಬೇಕು. ಡಬ್ಬಿಯ ಮುಚ್ಚಳ ತೆಗೆದ ಸದ್ದಿನಿಂದಲೇ ಅದು ಬೆಲ್ಲದ ಡಬ್ಬಿಯೋ ಬೇಳೆಯದೋ ಎಂದು ಅವರಿಗೆ ತಿಳಿಯುತ್ತದೆ. ಕೊಡುವುದು ಒಂದು ದಿನದ ಕೆಲಸ. ಕೊಟ್ಟಮೇಲೆ ಅಲ್ಲಿಯೇ ಇರುವುದು ದಿನನಿತ್ಯದ ವ್ರತ. ಚಾತುರ್ಮಾಸ್ಯದ ಶಾಕವ್ರತ, ದಧಿವ್ರತಗಳಾದರೋ ಒಂದೊಂದು ತಿಂಗಳಿಗೆ ಮುಗಿಯುತ್ತವೆ.

ಯುದ್ಧಾನಂತರ ಧೃತರಾಷ್ಟ್ರನು ಧರ್ಮರಾಜನ ಆಶ್ರಯದಲ್ಲಿ 15 ವರ್ಷ ಇದ್ದನು. ರಾಜ್ಯ ಹೋಗಿದ್ದರೂ ಉಪಚಾರಕ್ಕೆ ಕೊರತೆಯಿರಲಿಲ್ಲ. ಸುಖ ಮಾತ್ರ ಇರಲಿಲ್ಲ. ಭೀಮಸೇನದೇವರು ಆಡಿದ ಕಟುವಾದ ಮಾತುಗಳು ಅವನಲ್ಲಿ ವೈರಾಗ್ಯ ಹುಟ್ಟಿಸಲೆಂದೇ ಎಂದು ನಮ್ಮ ಹಿರಿಯರು ವಿವರಿಸುತ್ತಾರೆ. (ಮನೆಯ ಮಕ್ಕಳು ತಮ್ಮ ಒರಟು ಮಾತನ್ನು ಈ ಸಾಲಿಗೆ ಸೇರಿಸಲು ಅವಸರಪಡಬಾರದು.) ಕೊನೆಗೆ ವಿದುರನ ಎಚ್ಚರಿಕೆಯಿಂದ ಅವನು ಕಾಡಿಗೆ ಹೊರಟನೆಂದು ಭಾಗವತದ ಪ್ರಥಮಸ್ಕಂಧದಲ್ಲಿದೆ. ನಮಗೆ ಹೊರಡಲು ಕಾಡಿಲ್ಲ. ಇರುವ ಕಾಡಿಗೂ ಅರಣ್ಯ ಇಲಾಖೆಯ ಬೇಲಿಯಿದೆ. ಹಜಾರದ ಮೂಲೆಯ ಕುರ್ಚಿಯಲ್ಲೇ ವಾನಪ್ರಸ್ಥವು ನಡೆಯಬೇಕು.

ಹಾಗಾದರೆ ಹಿರಿಯರು ಬಾಯಿಗೆ ಬೀಗ ಹಾಕಿಕೊಳ್ಳಬೇಕೇ? ತಪ್ಪು ಕಂಡೂ ಸುಮ್ಮನಿರುವುದು ವೈರಾಗ್ಯವೋ, ಉದಾಸೀನವೋ? ಇದು ನಗೆಯಲ್ಲಿ ಹಾರಿಸಿಬಿಡುವ ಪ್ರಶ್ನೆಯಲ್ಲ. ಇಲ್ಲಿಯೂ ವಿದುರನೇ ನಮಗೆ ದಾರಿ. ನಿದ್ರೆ ಬಾರದ ರಾತ್ರಿ ಅಣ್ಣನು ಕರೆಸಿ ಕೇಳಿದಾಗ ಅವನು ನೀತಿಯನ್ನು ಹೇಳಿದನು. ಅಣ್ಣನು ಅದರಂತೆ ನಡೆಯಲಿಲ್ಲವೆಂದು ಮುನಿಸಿಕೊಂಡು ಕೂಡಲಿಲ್ಲ. ದ್ಯೂತಸಭೆಯಲ್ಲಿ ಕೇಳದೆಯೂ ಹೇಳಿದನಲ್ಲ ಎಂದರೆ, ಅಂದು ಕುಲಕ್ಕೇ ಬೆಂಕಿ ಬಿದ್ದಿತ್ತು. ಮಗನು ದುಶ್ಚಟಕ್ಕೆ ಬಿದ್ದಾಗ, ಮನೆಯಲ್ಲಿ ಒಬ್ಬರಿಗೆ ಅನ್ಯಾಯವಾಗುತ್ತಿರುವಾಗ, ಹಿರಿಯರು ಮೌನವಾಗಿದ್ದರೆ ಅದು ದೋಷವೇ. ಸಾರಿಗೆ ಉಪ್ಪು ಕಡಿಮೆಯಾದದ್ದು, ಸೊಸೆಯು ರುಬ್ಬುವ ಕಲ್ಲನ್ನು ಬಿಟ್ಟು ಮಿಕ್ಸಿಯಲ್ಲಿ ರುಬ್ಬಿದ್ದು ಆ ವರ್ಗಕ್ಕೆ ಸೇರುವುದಿಲ್ಲ. ದ್ಯೂತಸಭೆ ಯಾವುದು, ಊಟದ ಪಂಕ್ತಿ ಯಾವುದು ಎಂದು ತಿಳಿದ ಹಿರಿಯರ ಮನೆಯಲ್ಲಿ ನಗು ಹೆಚ್ಚು.

ಇದರಲ್ಲಿ ಕಿರಿಯರ ಪಾಲೂ ಇದೆ. ಔಷಧ, ಹಾಲು, ಬಿಸಿನೀರು ವೇಳೆಗೆ ಸರಿಯಾಗಿ ಕೊಟ್ಟು, ಒಂದು ಮಾತನ್ನೂ ಕೇಳದಿದ್ದರೆ ಹಿರಿಯರು ಹಜಾರದ ಬೀರುವಿನಂತಾಗುತ್ತಾರೆ. ಹುಳಿಪುಡಿ ಹುರಿಯುವಾಗ ‘ಅತ್ತೆ, ಮೆಂತ್ಯ ಎಷ್ಟು ಹಾಕಲಿ?’ ಎಂದು ಸೊಸೆ ಕೇಳುವ ಮನೆಗಳುಂಟು. ಇಪ್ಪತ್ತು ವರ್ಷಗಳಿಂದ ಅದೇ ಪುಡಿಯನ್ನು ಮಾಡುತ್ತಿರುವವಳಿಗೆ ಅಳತೆ ಗೊತ್ತಿಲ್ಲವೇ? ಗೊತ್ತಿದ್ದೂ ಕೇಳುವುದು ಅನೃತವಾಗದೇ ಎಂದು ಸತ್ಯನಿಷ್ಠರು ಆಕ್ಷೇಪಿಸಬಹುದು. ಶ್ರೀಮನ್ನ್ಯಾಯಸುಧೆಯನ್ನು ಪೂರ್ತಿ ಓದಿ ಮುಗಿಸಿದ ಪಂಡಿತರು ಸುಧಾಮಂಗಳದ ಸಭೆಯಲ್ಲಿ ಮತ್ತೆ ಕೇಳಲು ಕೂಡುವುದಿಲ್ಲವೇ? ಅದನ್ನು ಯಾರೂ ಸುಳ್ಳೆನ್ನುವುದಿಲ್ಲ.

ಸೊಸೆಗೆ ಅಳತೆ ಗೊತ್ತೆಂಬುದು ಅತ್ತೆಯವರಿಗೆ ತಿಳಿಯದೆಂದೂ ಭಾವಿಸಬೇಕಾಗಿಲ್ಲ. ಅವರಿಗೆ ಚೆನ್ನಾಗಿ ತಿಳಿದಿದೆ. ಆದರೂ ಕನ್ನಡಕವನ್ನು ಸರಿಪಡಿಸಿಕೊಂಡು, ಅಂಗೈಯನ್ನು ಬಟ್ಟಲಿನಂತೆ ಮಡಿಸಿ, ‘ಇಷ್ಟು’ ಎಂದು ತೋರಿಸುತ್ತಾರೆ.