ತಂಬೂರಿಯೂ ಲ್ಯಾಪ್‌ಟಾಪೂ

ಭೀಮಸೇನ ಜೋಶಿಯವರು 1953ರಲ್ಲಿ ಗುರು ಸವಾಯಿ ಗಂಧರ್ವರ ನೆನಪಿಗೆಂದು ಶುರುಮಾಡಿದ ಸಂಗೀತೋತ್ಸವ ಪುಣೆಯಲ್ಲಿ ಇಂದಿಗೂ ನಡೆಯುತ್ತದೆ. ಗುರು ಕುಂದಗೋಳದವರು, ಶಿಷ್ಯ ಗದಗ ಸೀಮೆಯವರು. ಅಲ್ಲಿ ಗಾಯಕರ ಹಿಂದೆ ತಂಬೂರಿ ಹಿಡಿದು ಕೂತವರ ಹೆಸರು ಎಷ್ಟು ಜನಕ್ಕೆ ನೆನಪಿರುತ್ತದೆ? ನಾಲ್ಕೇ ತಂತಿ, ಅದೇ ನಾದ. ಅವರೂ ಕಛೇರಿ ಮಾಡುತ್ತಿದ್ದಾರೆ ಅನ್ನಬಹುದೇ?

ಲ್ಯಾಪ್‌ಟಾಪ್ ಇಟ್ಟುಕೊಂಡು ಆಂಬಿಯೆಂಟ್ ಸಂಗೀತ ನುಡಿಸುವ ಹುಡುಗರಿಗೂ ಇದೇ ಪ್ರಶ್ನೆ. 2001ರಲ್ಲಿ ಬಂದ ಏಬಲ್ಟನ್ ಲೈವ್‌ನಂಥ ತಂತ್ರಾಂಶದಲ್ಲಿ ಧ್ವನಿಯ ತುಣುಕೊಂದನ್ನು ಸುತ್ತಲು ಬಿಟ್ಟರೆ ಸಾಕು, ರಾತ್ರಿಯಿಡೀ ತಾನೇ ನುಡಿಯುತ್ತದೆ. ಹಾಗಾದರೆ ಮನುಷ್ಯ ಯಾಕೆ ಅಲ್ಲಿ ಕೂತಿರಬೇಕು?

ಕೇಳಲಿಕ್ಕೆ, ಅಂತ ನನ್ನ ಉತ್ತರ. ತಂತಿ ಒಂದು ಎಳೆ ಇಳಿದರೂ ತಂಬೂರಿಯವರ ಕಿವಿಗೆ ಗೊತ್ತಾಗಬೇಕು, ತಿದ್ದಬೇಕು. ತಂತ್ರಾಂಶದ ಮುಂದೆ ಕೂತವನೂ ಸಭೆಯ ಉಸಿರು ನೋಡಿ ಒಂದು ದನಿ ತಗ್ಗಿಸಿದರೆ ಅದು ಕಛೇರಿ. ಇಲ್ಲವಾದರೆ ಬರೀ ಧ್ವನಿಮುದ್ರಣ, ಅಷ್ಟೆ.

ಊರು ಬಿಟ್ಟವರಿಗೆ ಇದು ಸಂಗೀತದ ಮಾತಷ್ಟೇ ಅಲ್ಲ. ಊರಿನ ಮಳೆ, ಗುಡಿಯ ಗಂಟೆ, ಅವ್ವನ ಮಾತು ಎಲ್ಲವನ್ನೂ ತುಣುಕು ಮಾಡಿ ತಲೆಯೊಳಗೆ ಸುತ್ತಲು ಬಿಟ್ಟಿರುತ್ತೇವೆ. ಆ ತುಣುಕಿಗೆ ವಯಸ್ಸಾಗುವುದಿಲ್ಲ, ಅವ್ವನಿಗೆ ಆಗುತ್ತದೆ. ಫೋನಿನಲ್ಲಿ ಅವಳ ದನಿ ಇಳಿದದ್ದು ನಮ್ಮ ಕಿವಿಗೆ ಬೀಳದಿದ್ದರೆ, ಊರಂದ್ರೆ ಪ್ರಾಣ ಅನ್ನೋ ಮಾತಿಗೆ ಅರ್ಥವೇನು?