ಚಳಿಯ ದಾರಿಯಲ್ಲಿ ಹೊತ್ತಿಸಿದ ಬೆಂಕಿ

ಧ್ಯಾನಭಾಗ: ಅಪೊಸ್ತಲರ ಕೃತ್ಯಗಳು 28:1–10



ಅಪೊಸ್ತಲನಾದ ಪೌಲನು ಸೆರೆಯವನಾಗಿ ರೋಮಾಪುರಕ್ಕೆ ಹೋಗುತ್ತಿರುವಾಗ ಹಡಗು ಒಡೆದುಹೋಯಿತು. ಅದರಲ್ಲಿದ್ದ 276 ಮಂದಿಯಲ್ಲಿ ಕೆಲವರು ಈಜಿಯೂ ಕೆಲವರು ಹಲಗೆಗಳನ್ನು ಹಿಡಿದೂ ಮೆಲೀತೆ ಎಂಬ ದ್ವೀಪವನ್ನು ಸೇರಿದರು. ಆಗ ಮಳೆ ಹೊಯ್ಯುತ್ತಿತ್ತು, ಚಳಿಯೂ ಇತ್ತು. ಆ ದ್ವೀಪದವರು ಇವರ ಭಾಷೆಯನ್ನು ಅರಿಯರು, ಪೌಲನ ದೇವರನ್ನೂ ಅರಿಯರು. ಆದರೂ ಬಂದವರು ಯಾವ ಕುಲದವರು, ಯಾವ ಮತದವರು ಎಂದು ಅವರು ಮೊದಲು ವಿಚಾರಿಸಿದರೆಂದು ಲೂಕನು ಬರೆಯಲಿಲ್ಲ. ಬೆಂಕಿ ಹೊತ್ತಿಸಿ ಎಲ್ಲರನ್ನೂ ಸೇರಿಸಿಕೊಂಡರೆಂದೇ ಬರೆದನು.

ಮಾಗಿಯ ಈ ದಿವಸಗಳಲ್ಲಿ ಈ ವಾಕ್ಯಭಾಗವು ನಮಗೆ ಚೆನ್ನಾಗಿ ತಿಳಿಯುವಂತೆ, ಚಳಿಗಾಲದಲ್ಲಿ ಬೈಸಿಕಲ್ಲನ್ನು ಹತ್ತಿ ಒಬ್ಬಳೇ ಬಹುದೂರ ಪ್ರಯಾಣಮಾಡಿದ ಒಬ್ಬ ಸ್ತ್ರೀಯ ಸಂಗತಿಯನ್ನು ನಿಮಗೆ ಹೇಳುತ್ತೇನೆ. ಈಕೆಯ ಹೆಸರು ಡರ್ವ್ಲಾ ಮರ್ಫಿ; 1931ರಲ್ಲಿ ಐರ್ಲೆಂಡ್ ದೇಶದ ಲಿಸ್ಮೋರ್ ಎಂಬ ಚಿಕ್ಕ ಊರಿನಲ್ಲಿ ಹುಟ್ಟಿದಳು. ಈಕೆಯು ಸುವಾರ್ತೆಯನ್ನು ಸಾರುವದಕ್ಕೆ ಹೊರಟವಳಲ್ಲ; ದೇಶಗಳನ್ನು ನೋಡುವ ಆಶೆಯಿಂದ ಹೊರಟವಳು. ಆದರೂ ನಮ್ಮ ಕರ್ತನು ಯಾಜಕನನ್ನು ಬಿಟ್ಟು ಸಮಾರ್ಯದವನನ್ನು ಮಾದರಿಯಾಗಿ ತೋರಿಸಲಿಲ್ಲವೋ? ನಾವೂ ಕಲಿಯತಕ್ಕದ್ದನ್ನು ಸಿಕ್ಕಿದ ಕಡೆಯಲ್ಲಿ ಕಲಿಯೋಣ.

ಒಂದನೆಯದು, ಮನೆಯ ಬೆಂಕಿಯನ್ನು ಕಾಯುವದು.

ಈಕೆಯ ಹತ್ತನೆಯ ಹುಟ್ಟಿದ ದಿವಸಕ್ಕೆ, 1941ರಲ್ಲಿ, ತಂದೆತಾಯಿಗಳು ಹಳೆಯದೊಂದು ಬೈಸಿಕಲ್ಲನ್ನೂ ಅಜ್ಜನು ಭೂಪಟಗಳ ಪುಸ್ತಕವನ್ನೂ ಕೊಟ್ಟರು. ಕೆಲವು ದಿವಸಗಳಾದ ಮೇಲೆ ಊರ ಬಳಿಯಲ್ಲಿದ್ದ ಏರುದಾರಿಯನ್ನು ಹತ್ತುವಾಗ, ಹೀಗೆಯೇ ತುಳಿಯುತ್ತಾ ಹೋದರೆ ಭಾರತದೇಶವನ್ನೇ ಮುಟ್ಟಬಹುದೆಂಬ ಯೋಚನೆ ಹುಡುಗಿಗೆ ಹುಟ್ಟಿತು. ದೊಡ್ಡವರು ನಕ್ಕಾರೆಂದು ಯಾರಿಗೂ ಹೇಳದೆ ಅದನ್ನು ಮನಸ್ಸಿನಲ್ಲಿಟ್ಟುಕೊಂಡಳು. ಆದರೆ ತಾಯಿಯು ಕೀಲುಬೇನೆಯಿಂದ ಕೈಕಾಲು ಆಡದವಳಾಗಿದ್ದಳು. ಅವಳನ್ನು ನೋಡಿಕೊಳ್ಳುವದಕ್ಕಾಗಿ ಮಗಳು 14ನೆಯ ವಯಸ್ಸಿನಲ್ಲಿಯೇ ಶಾಲೆಯನ್ನು ಬಿಟ್ಟು, ಸುಮಾರು 16 ವರುಷ ಮನೆಯಲ್ಲಿ ಸೇವೆಮಾಡಿದಳು. ಅದು ಹಗುರವಾದ ಸೇವೆಯಾಗಿರಲಿಲ್ಲ; ತನ್ನ ಮನಸ್ಸು ಎಷ್ಟು ಬಳಲಿತೆಂಬದನ್ನು ಆಕೆಯು ತರುವಾಯ ಮುಚ್ಚುಮರೆಯಿಲ್ಲದೆ ಬರೆದಳು. 1961ರಲ್ಲಿ ತಂದೆಯೂ 1962ರಲ್ಲಿ ತಾಯಿಯೂ ತೀರಿಹೋದರು. ಆ ಮೇಲೆಯೇ ಆಕೆಯು ದೂರದ ದಾರಿಗೆ ಕಾಲಿಟ್ಟಳು. ಹತ್ತನೆಯ ವರುಷದ ಆಶೆಯು ಕೈಗೂಡುವದಕ್ಕೆ 21 ವರುಷ ಹಿಡಿಯಿತು.

ಪ್ರಿಯರೇ, ಹಾಸಿಗೆ ಹಿಡಿದ ಅತ್ತೆಯನ್ನೋ ಕಣ್ಣು ಕಾಣದ ತಂದೆಯನ್ನೋ ಬಿಟ್ಟು ಹೋಗಲಾರದೆ, “ನಾನು ಕರ್ತನಿಗೆ ಏನೂ ಮಾಡಲಿಲ್ಲ” ಎಂದು ನಿಟ್ಟುಸಿರು ಬಿಡುವವರು ನಮ್ಮಲ್ಲಿ ಇದ್ದಾರೆ. ಇಂಥವರು ಧೈರ್ಯವಾಗಿರಲಿ. ದೇವರಿಗೆ ಕಾಣಿಕೆಯಾಯಿತೆಂಬ ನೆವದಿಂದ ತಂದೆತಾಯಿಗಳನ್ನು ಕೈಬಿಟ್ಟವರನ್ನು ಯೇಸು ಗದರಿಸಿದನು. ಮಂಚದ ಬಳಿಯಲ್ಲಿ ಕೂತು ಗಂಜಿ ಕುಡಿಸಿದವರನ್ನು ಆತನು ಎಲ್ಲಿಯೂ ಗದರಿಸಲಿಲ್ಲ. ಮನೆಯ ಒಲೆಯನ್ನು ಆರಗೊಡದೆ ಕಾದವರು ಕರ್ತನ ದಾರಿಯಲ್ಲಿಯೇ ಇದ್ದಾರೆ.

ಎರಡನೆಯದು, ಬೆಂಕಿಯಿಲ್ಲದ ದಾರಿಯಲ್ಲಿ ಸಾಗುವದು.

ಆಕೆಯು 1963ರ ಜನವರಿ 14ರಂದು ಫ್ರಾನ್ಸ್ ದೇಶದ ಡಂಕರ್ಕ್ ರೇವಿನಿಂದ ಹೊರಟಳು. ಆ ವರುಷದ ಚಳಿಯು ಯೂರೋಪ್ ಖಂಡದಲ್ಲಿ ಬಹುಕಾಲದಿಂದ ಕಾಣದಂಥ ಚಳಿ. ಆಕೆಯು ಯುದ್ಧಕ್ಕೆ ಹೊರಟ ಅರಸನು ಮೊದಲು ಕೂತು ಆಲೋಚಿಸುವಂತೆ ಆಲೋಚಿಸಿದ್ದಳು. ಏಷ್ಯದ ಒರಟು ದಾರಿಗಳಲ್ಲಿ ಕೆಟ್ಟುಹೋದೀತೆಂದು ಬೈಸಿಕಲ್ಲಿನ ಗೇರನ್ನು ಮುಂಚೆಯೇ ತೆಗೆಸಿಬಿಟ್ಟಿದ್ದಳು. ಆದರೂ ಎಲ್ಲವೂ ಎಣಿಸಿದಂತೆ ಆಗಲಿಲ್ಲ. ಹಿಮವು ದಾರಿಯನ್ನು ಮುಚ್ಚಿದ ಕಡೆಯಲ್ಲಿ ರೈಲಿನಲ್ಲಿಯೂ ಲಾರಿಯಲ್ಲಿಯೂ ಹೋಗಬೇಕಾಯಿತು. ಆಗಿನ ಯುಗೊಸ್ಲಾವಿಯ ದೇಶದಲ್ಲಿ ಒಂದು ರಾತ್ರಿ ಹಿಮದಲ್ಲಿ ನಡೆದುಹೋಗುತ್ತಿರುವಾಗ ತೋಳಗಳು ಮೇಲೆ ಬಿದ್ದವು. ಸಂಗಡ ಇದ್ದ ಪಿಸ್ತೂಲಿನಿಂದ ಪ್ರಾಣವನ್ನು ಉಳಿಸಿಕೊಂಡಳು.

ಚಳಿಯಲ್ಲಿ ಬೈಸಿಕಲ್ಲಿನ ಮೇಲೆ ಹೋಗುವವರಿಗೆ ಒಂದು ಸಂಗತಿ ಗೊತ್ತಿರುವದು. ಏರನ್ನು ಹತ್ತುವಾಗ ಉಸಿರು ಕಟ್ಟಿದರೂ ಮೈ ಬಿಸಿಯಾಗಿರುತ್ತದೆ, ಬೆವರೂ ಬರುತ್ತದೆ. ಏರು ಮುಗಿದು ಇಳಿಜಾರು ಸಿಕ್ಕಿದಾಗ ಕಾಲಿಗೆ ಕೆಲಸವಿಲ್ಲ. ಎದುರುಗಾಳಿಯು ಬಟ್ಟೆಯೊಳಗಣ ಬೆವರನ್ನು ತಣ್ಣಗೆ ಮಾಡಿ, ಬ್ರೇಕನ್ನು ಹಿಡಿದ ಬೆರಳುಗಳು ಮರಗಟ್ಟುತ್ತವೆ. ಚಳಿ ಹೆಚ್ಚಾಗಿ ಹಿಡಿಯುವದು ಏರಿನಲ್ಲಲ್ಲ, ಇಳಿಜಾರಿನಲ್ಲಿ. ನಂಬಿಕೆಯ ದಾರಿಯೂ ಹೀಗೆಯೇ. ಸ್ನಾನದೀಕ್ಷೆಯನ್ನು ತೆಗೆದುಕೊಂಡ ಹೊಸದರಲ್ಲಿ, ಬಂಧುಗಳು ಮುಖ ತಿರುಗಿಸಿದಾಗ, ಬಾವಿಯ ಬಳಿಯಲ್ಲಿ ಮಾತು ನಿಂತಾಗ, ನಮ್ಮ ಪ್ರಾರ್ಥನೆಯು ಬಿಸಿಯಾಗಿತ್ತು. ತರುವಾಯ ಹೊಲವು ಬೆಳೆಯಿತು, ಮಗನಿಗೆ ಕೆಲಸ ಸಿಕ್ಕಿತು, ಊರವರು ಪುನಃ ಮಾತಾಡಿಸಿದರು. ಆಗ ಮೊಣಕಾಲೂರುವದು ಕಡಿಮೆಯಾಯಿತು. ಹಿಂಸೆಯಲ್ಲಿ ಆರದ ದೀಪವು ಸುಖದಲ್ಲಿ ಆರುವದನ್ನು ನಾವು ಕಂಡಿದ್ದೇವೆ. ಆದದರಿಂದ ಇಳಿಜಾರಿನಲ್ಲಿರುವವರು ಎಚ್ಚರವಾಗಿರಲಿ.

ಮೂರನೆಯದು, ಪರರು ಹೊತ್ತಿಸಿದ ಬೆಂಕಿಯ ಬಳಿಗೆ ಬರುವದು.

ಆಕೆಯು ಒಬ್ಬಳೇ ಹೊರಟಳು, ನಿಜ. ಆದರೆ ಒಬ್ಬಳ ಬಲದಿಂದಲೇ ತಲುಪಿದಳೆಂದು ಹೇಳಲಾಗದು. ತುರ್ಕಿ, ಇರಾನ್, ಅಫ್ಘಾನಿಸ್ತಾನ್, ಪಾಕಿಸ್ತಾನ್ ಎಂಬೀ ದೇಶಗಳ ಹಳ್ಳಿಯವರು ಆಕೆಗೆ ರೊಟ್ಟಿಯನ್ನೂ ಚಹವನ್ನೂ ಕೊಟ್ಟರು, ತಮ್ಮ ಮನೆಯಲ್ಲಿ ಮಲಗುವದಕ್ಕೆ ಸ್ಥಳಕೊಟ್ಟರು. ಅಫ್ಘಾನಿಸ್ತಾನದಲ್ಲಿ ಬಸ್ಸಿನೊಳಗೆ ನಡೆದ ಒಂದು ಜಗಳದಲ್ಲಿ ಬಂದೂಕಿನ ಹಿಡಿಯ ಪೆಟ್ಟು ಬಿದ್ದು ಆಕೆಯ ಪಕ್ಕೆಲುಬುಗಳು ಮುರಿದವು. ಹಾಗಾದರೂ ಆ ಒಂದು ಪೆಟ್ಟಿನಿಂದ ಇಡೀ ಜನಾಂಗವನ್ನು ಅಳೆಯಲಿಲ್ಲ. ಆ ದೇಶದವರನ್ನು ಬಹಳವಾಗಿ ಪ್ರೀತಿಸಿದಳು. ಅದೇ ವರುಷದ ಜುಲೈ ತಿಂಗಳಲ್ಲಿ ದಿಲ್ಲಿಯನ್ನು ಮುಟ್ಟಿದಳು. ಅಲ್ಲಿಗೆ ಮುಗಿಸದೆ, ಟಿಬೆಟ್ ದೇಶವನ್ನು ಬಿಟ್ಟು ಓಡಿಬಂದ ಮಕ್ಕಳು ಧರ್ಮಶಾಲೆಯಲ್ಲಿ ರೋಗದಿಂದಲೂ ಇಕ್ಕಟ್ಟಿನಿಂದಲೂ ಕಷ್ಟಪಡುತ್ತಿರಲಾಗಿ, ಕೆಲವು ತಿಂಗಳು ಅವರ ಆರೈಕೆಮಾಡಿದಳು. ಮನೆಯ ಬೆಂಕಿಯನ್ನು ಕಾದವಳು, ಪರರ ಬೆಂಕಿಯಲ್ಲಿ ಮೈ ಕಾಯಿಸಿಕೊಂಡವಳು, ಕಡೆಗೆ ಪರರ ಮಕ್ಕಳಿಗೆ ಬೆಂಕಿಯಾದಳು. 1973–74ರ ಚಳಿಗಾಲದಲ್ಲಿ ಚಿಕ್ಕ ಮಗಳನ್ನು ಕರಕೊಂಡು ನಮ್ಮ ಕೊಡಗುಸೀಮೆಗೂ ಬಂದು ತಂಗಿದಳು. ಅದನ್ನು ಕುರಿತು 1976ರಲ್ಲಿ ಆಕೆಯ ಪುಸ್ತಕವು ಪ್ರಕಟವಾಯಿತು. 2022ರಲ್ಲಿ, 90 ವರುಷದವಳಾಗಿ, ಲಿಸ್ಮೋರಿನಲ್ಲಿ ತೀರಿಹೋದಳು.

ಈಗ ಮೆಲೀತೆಯ ಬೆಂಕಿಯ ಬಳಿಗೆ ತಿರಿಗಿ ಬರೋಣ. ಪೌಲನು ಅಲ್ಲಿ ಎರಡು ಕೆಲಸ ಮಾಡಿದನು. ಅನ್ಯರು ಹೊತ್ತಿಸಿದ ಬೆಂಕಿಯನ್ನು ಬೇಡವೆನ್ನಲಿಲ್ಲ. ತಾನೂ ಕಟ್ಟಿಗೆ ಕೂಡಿಸಿ ಅದಕ್ಕೆ ಹಾಕಿದನು. ತರುವಾಯ ಆ ದ್ವೀಪದ ಮುಖ್ಯಸ್ಥನ ತಂದೆಯು ಜ್ವರದಿಂದ ಬಿದ್ದಿರಲಾಗಿ, ಪ್ರಾರ್ಥನೆಮಾಡಿ ಕೈಯಿಟ್ಟು ವಾಸಿಮಾಡಿದನು. ಉಪಕಾರವನ್ನು ನಾಚಿಕೆಯಿಲ್ಲದೆ ಹೊಂದಿದನು; ತನಗಿದ್ದದ್ದನ್ನು ಕೊಡುವದಕ್ಕೆ ತಡಮಾಡಲಿಲ್ಲ.

ನಮ್ಮಲ್ಲಿ ಕೆಲವರು, “ನಾವು ಕ್ರಿಸ್ತನವರು; ಆ ಜನರ ಹಂಗು ನಮಗೇಕೆ?” ಅನ್ನುತ್ತಾರೆ. ಹೆಂಡತಿಯ ಹೆರಿಗೆಯ ರಾತ್ರಿಯಲ್ಲಿ ಲಾಟೀನು ಹಿಡಿದು ಬಂದ ನೆರೆಯವಳು ಯಾವ ಮತದವಳು? ಗಾಡಿಯು ಕೆಸರಿನಲ್ಲಿ ಹೂತಾಗ ಹೆಗಲು ಕೊಟ್ಟವನು ಯಾರು? ನಮ್ಮ ದೇವರು ನಮಗೆ ಕಂಬಳಿಯನ್ನು ಯಾರ ಕೈಯಿಂದಾದರೂ ಕಳುಹಿಸುವನು. ಆ ಕೈಯನ್ನು ತಳ್ಳುವದು ನಂಬಿಕೆಯಲ್ಲ, ಗರ್ವ.

ಇದಕ್ಕಿಂತ ದುಃಖದ ಸಂಗತಿ ಇನ್ನೊಂದುಂಟು. ನಮ್ಮ ಸಭೆಗಳ ಸುತ್ತುಮುತ್ತಲಲ್ಲಿ, ಇಡೀ ಊರಿಗೆ ಒಂದೇ ಕ್ರೈಸ್ತಮನೆ ಇರುವ ಹಳ್ಳಿಗಳುಂಟು. ಗುಡಿಯ ಗಂಟೆ ಅವರಿಗೆ ಕೇಳದು. ಹಬ್ಬದ ದಿವಸ ಅವರ ಒಲೆಯ ಬಳಿಯಲ್ಲಿ ಕೂಡುವದಕ್ಕೆ ಬಂಧುಗಳಿಲ್ಲ. ಆರಾಧನೆಯಲ್ಲಿ ಅವರ ಸ್ಥಳವು ಎರಡು ತಿಂಗಳು ಬರಿದಾಗಿದ್ದರೆ, “ನಂಬಿಕೆಯಿಂದ ಹಿಂಜರಿದರು” ಎಂದು ನಾವು ಬೇಗನೆ ತೀರ್ಪುಕೊಡುತ್ತೇವೆ. ದಾರಿಯಲ್ಲಿ ಚಳಿ ಹಿಡಿದು ನಿಂತವನನ್ನು ನೋಡಿ ಹಿಂಜರಿದವನೆಂದು ಹೇಳಬಹುದೋ? ಮೆಲೀತೆಯವರಿಗೆ ಧರ್ಮಶಾಸ್ತ್ರವಿರಲಿಲ್ಲ, ಸುವಾರ್ತೆಯಿರಲಿಲ್ಲ; ಇದ್ದದ್ದು ಬೆಂಕಿ ಮತ್ತು ದಯೆ. ಇವೆಲ್ಲವೂ ಇರುವ ನಮ್ಮ ಬಾಗಿಲು ಮುಚ್ಚಿದ್ದರೆ, ನ್ಯಾಯತೀರ್ಪಿನ ದಿವಸದಲ್ಲಿ ಆ ದ್ವೀಪದವರು ನಮಗೆ ಎದುರಾಗಿ ನಿಲ್ಲುವರು.

ಆದದರಿಂದ ಪ್ರತಿಯೊಂದು ಸಭೆಯವರು ಈ ಮಾಗಿ ಕಳೆಯುವದರೊಳಗೆ ಅಂಥ ಒಂದು ಮನೆಗೆ ಹೋಗಿರಿ. ಉಪದೇಶಕನೊಬ್ಬನನ್ನೇ ಕಳುಹಿಸಿ ಸುಮ್ಮನಿರಬೇಡಿರಿ. ಬುತ್ತಿ ಕಟ್ಟಿಕೊಂಡು ಹೋಗಿರಿ, ಒಂದು ರಾತ್ರಿ ಅಲ್ಲಿಯೇ ಉಳಿಯಿರಿ, ಅವರ ರೊಟ್ಟಿಯನ್ನು ಉಂಡು ಅವರ ಸಂಗಡ ಪ್ರಾರ್ಥನೆಮಾಡಿರಿ. ಬೆಂಕಿಗೆ ನೀವೂ ಎರಡು ಕಟ್ಟಿಗೆ ಹಾಕಿರಿ.

ತಲೆಯಿಡುವದಕ್ಕೂ ಸ್ಥಳವಿಲ್ಲದೆ ನಮ್ಮ ನಿಮಿತ್ತ ದಾರಿ ನಡೆದ ಕರ್ತನೇ, ಚಳಿಯಲ್ಲಿ ಒಬ್ಬೊಬ್ಬರಾಗಿ ಸಾಗುವ ನಿನ್ನ ಮಕ್ಕಳನ್ನು ಕಾಪಾಡು. ಬೆಚ್ಚಗೆ ಕೂತಿರುವ ನಮ್ಮನ್ನು ಎಬ್ಬಿಸು. ನಮ್ಮ ಒಲೆಗಳನ್ನು ನಿನ್ನವಾಗಿ ಮಾಡಿಕೋ. ಆಮೆನ್.