ಇಂದಿನ ಧಮ್ಮಚಿಂತನೆ: ಕಿವಿಯೊಳಗಿನ ಸದ್ದು, ಜನರ ನಡುವಿನ ಬದುಕು



ನಮ್ಮಲ್ಲಿ ಅನೇಕರಿಗೆ ಇದ್ದೂ ಯಾರೂ ಬಾಯಿಬಿಟ್ಟು ಹೇಳದ ಒಂದು ತೊಂದರೆಯ ಬಗ್ಗೆ ಇಂದು ಬರೆಯುತ್ತಿದ್ದೇನೆ. ಹೊರಗೆ ಯಾವ ಶಬ್ದವೂ ಇರುವುದಿಲ್ಲ, ಆದರೂ ಕಿವಿಯೊಳಗೆ ಗುಂಯ್ ಎನ್ನುತ್ತದೆ. ಕೆಲವರಿಗೆ ಸೀಟಿ ಊದಿದ ಹಾಗೆ, ಕೆಲವರಿಗೆ ಕುಕ್ಕರಿನ ಆವಿಯ ಹಾಗೆ. ನನಗೆ ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಜೀರುಂಡೆಗಳು ಒಟ್ಟಿಗೆ ಕೂಗಿದ ಹಾಗೆ. ಹದಿನೆಂಟು ವರ್ಷ ಪವರ್ ಲೂಮ್ ಶೆಡ್ಡಿನಲ್ಲಿ ದುಡಿದ ಕಿವಿ ಇದು. ಈ ಜೀರುಂಡೆ ಹಗಲು ರಾತ್ರಿ ಎನ್ನದೆ ಆರು ವರ್ಷದಿಂದ ಕೂಗುತ್ತಿದೆ. ವೈದ್ಯರು ಇದನ್ನು ಟಿನ್ನಿಟಸ್ ಎನ್ನುತ್ತಾರೆ. ಜಗತ್ತಿನ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಪ್ರಮಾಣದಲ್ಲಿ ಇದು ಇದೆ. ಹಾಗಾಗಿ ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಒಬ್ಬರು ಇರಬಹುದು.

ಸದ್ದಿನ ಕಾಟ ಒಂದು ಕಡೆ. ಅದಕ್ಕಿಂತ ದೊಡ್ಡದು ಆಮೇಲೆ ಬರುತ್ತದೆ. ಈ ಸದ್ದು ಇರುವವರು ಒಬ್ಬೊಬ್ಬರಾಗಿ ಜನರ ನಡುವಿನಿಂದ ಜಾರಿಕೊಳ್ಳುತ್ತಾರೆ. ಬೀಗರೂಟಕ್ಕೆ ಹೋದರೆ ನೂರು ಜನರ ಮಾತಿನಲ್ಲಿ ಪಕ್ಕದವರ ಮಾತು ಹಿಡಿಯುವುದಿಲ್ಲ. ಅಂಬೇಡ್ಕರ್ ಭವನದ ಸಿಮೆಂಟ್ ಗೋಡೆಗಳ ನಡುವೆ ಮೈಕಿನ ಮಾತು ಒಂದಕ್ಕೆ ಎರಡಾಗಿ ಕೇಳುತ್ತದೆ. ಗ್ರಾಮಸಭೆಯಲ್ಲಿ ಮನೆ ಯಾರಿಗೆ ಮಂಜೂರಾಯಿತು ಎಂಬುದು ಕೇಳಿಸುವಷ್ಟರಲ್ಲಿ ಸಭೆ ಮುಂದಿನ ವಿಷಯಕ್ಕೆ ಹೋಗಿರುತ್ತದೆ. ಎರಡು ಸಲ 'ಏನು?' ಎಂದು ಕೇಳಿ, ಮೂರನೇ ಸಲ ಕೇಳಲು ಸಂಕೋಚವಾಗಿ, ಸುಮ್ಮನೆ ನಕ್ಕು ತಲೆಯಾಡಿಸುತ್ತಾರೆ. ಆಮೇಲೆ 'ಹುಷಾರಿಲ್ಲ' ಎಂದು ಮನೆಯಲ್ಲೇ ಉಳಿಯುತ್ತಾರೆ. ಈ ಸೆಳೆತ ನನ್ನೊಳಗೂ ಪ್ರತಿ ವಾರ ಬರುತ್ತದೆ. ಆದ್ದರಿಂದ ಇದು ಬರೀ ಕಿವಿಯ ವಿಷಯವಲ್ಲ, ಧಮ್ಮದ ವಿಷಯ.

*ಇದು ಯಾರ ಕರ್ಮ?*

ಮೊದಲು ಒಂದು ಮುಳ್ಳು ತೆಗೆಯೋಣ. ಕಿವಿ ಮೊರೆಯುತ್ತದೆ ಎಂದು ಹೇಳಿಕೊಂಡರೆ ನಮ್ಮ ಬೀದಿಗಳಲ್ಲಿ ಇವತ್ತಿಗೂ ಮೂರು ಉತ್ತರ ಸಿಗುತ್ತವೆ: ಗಾಳಿ ಸೋಕಿದೆ, ತಾಯತ ಕಟ್ಟಿಸು, ಎಣ್ಣೆ ಕಾಯಿಸಿ ಬಿಡು, ಏನು ಮಾಡುವುದು, ಹಿಂದಿನ ಜನ್ಮದ ಕರ್ಮ.

ಇದೇ ಪ್ರಶ್ನೆಯನ್ನು ಸೀವಕ ಎಂಬ ಪರಿವ್ರಾಜಕ ಬುದ್ಧರ ಮುಂದೆ ಇಟ್ಟಿದ್ದ. ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲವೇ ಎಂದು ಕೆಲವರು ಹೇಳುತ್ತಾರಲ್ಲ, ನಿಮ್ಮ ಅಭಿಪ್ರಾಯವೇನು ಎಂದು ಕೇಳಿದ. ಸಂಯುತ್ತ ನಿಕಾಯದಲ್ಲಿ ಈ ಸಂವಾದ ಇದೆ. ಬುದ್ಧರು ಎಂಟು ಕಾರಣ ಎಣಿಸಿದರು: ಪಿತ್ತ, ಕಫ, ವಾತ, ಈ ಮೂರೂ ಕೂಡಿದ್ದು, ಋತುವಿನ ಬದಲಾವಣೆ, ಮೈಯನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನಿಂದ ಬಿದ್ದ ಪೆಟ್ಟು, ಕೊನೆಗೆ ಕರ್ಮದ ಫಲ. ಎಲ್ಲವೂ ಹಿಂದಿನ ಕರ್ಮದಿಂದಲೇ ಎನ್ನುವವರು ತಾವೇ ಕಂಡು ತಿಳಿಯಬಹುದಾದದ್ದನ್ನೂ ಲೋಕ ಒಪ್ಪಿರುವುದನ್ನೂ ಮೀರಿ ಮಾತಾಡುತ್ತಾರೆ ಎಂದರು. ಬಾಬಾಸಾಹೇಬರು ಇನ್ನೂ ಮುಂದೆ ಹೋದರು. ಬಡವರ, ದೀನರ ಸ್ಥಿತಿಗೆ ಅವರ ಪೂರ್ವಜನ್ಮವೇ ಕಾರಣ ಎಂದುಬಿಟ್ಟರೆ ಸಮಾಜವೂ ಸರ್ಕಾರವೂ ಹೊಣೆಯಿಂದ ನುಣುಚಿಕೊಳ್ಳುತ್ತವೆ ಎಂದು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಬಿಡಿಸಿ ಹೇಳಿದರು.

ನಮ್ಮ ಸೀಮೆಯ ಕಿವಿಗಳಿಗೆ ಬಿದ್ದ ಪೆಟ್ಟು ಹೊರಗಿನದು. ಕೊಳ್ಳೇಗಾಲ, ಮಾಂಬಳ್ಳಿ ಕಡೆ ರೇಷ್ಮೆಯ ಕೆಲಸ. ಮಗ್ಗದ ಶೆಡ್ಡಿನಲ್ಲಿ ಪಕ್ಕದವರ ಜೊತೆ ಮಾತಾಡಬೇಕಾದರೆ ಕೂಗಬೇಕು. ಚಾಮರಾಜನಗರದ ಕಡೆ ಕರಿಕಲ್ಲಿನ ಕ್ವಾರಿ; ಡ್ರಿಲ್ಲಿಂಗ್ ಮತ್ತು ಕಲ್ಲು ಕೊಯ್ಯುವ ಮೆಷಿನ್ನು. ಅದಕ್ಕೂ ಹಿಂದೆ, ಬೇರೆಯವರ ಹಬ್ಬಕ್ಕೆ, ಬೇರೆಯವರ ಹೆಣದ ಮುಂದೆ, ಬೇಡವೆಂದರೂ ಬಿಡದೆ ತಮಟೆ ಬಡಿಸಿಕೊಂಡ ನಮ್ಮ ಅಪ್ಪ ತಾತಂದಿರು. ಅವರ ಕಿವಿಯನ್ನು ಯಾರೂ ಪರೀಕ್ಷೆ ಮಾಡಲಿಲ್ಲ.

ಒಳಗೆ ಆಗುವುದು ಇಷ್ಟು. ಒಳಕಿವಿಯಲ್ಲಿ ಶಂಖದಂಥ ಒಂದು ಭಾಗವಿದೆ. ಅದರಲ್ಲಿ ಕೂದಲಿನಂಥ ಎಳೆಗಳಿರುವ ಸೂಕ್ಷ್ಮ ಜೀವಕೋಶಗಳಿವೆ. ಜೋರು ಶಬ್ದಕ್ಕೆ ಅವು ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಕಿವಿಯಿಂದ ಬರುವ ಸುದ್ದಿ ಕಡಿಮೆಯಾದಾಗ ಮಿದುಳು, ರೇಡಿಯೋದ ವಾಲ್ಯೂಮ್ ಏರಿಸಿದ ಹಾಗೆ, ತನ್ನ ಗಮನ ಏರಿಸಿಕೊಳ್ಳುತ್ತದೆ. ಆಗ ಇಲ್ಲದ ಸದ್ದು ಕೇಳುತ್ತದೆ. ಕಾರಣ ಎಲ್ಲರಿಗೂ ಒಂದೇ ಅಲ್ಲ. ಗುಗ್ಗೆ ಕಟ್ಟಿಕೊಂಡರೂ, ಕಿವಿ ಸೋರಿದರೂ, ಕೆಲವು ಮಾತ್ರೆಗಳಿಂದಲೂ ಆಗಬಹುದು. ಆದ್ದರಿಂದ ಎಣ್ಣೆ ಬಿಡುವ ಮೊದಲು ತೋರಿಸಿ. ಒಂದೇ ಕಿವಿಯಲ್ಲಿ ಸದ್ದಿದ್ದರೆ, ನಾಡಿ ಬಡಿದ ಹಾಗೆ ಕೇಳಿದರೆ ತಡಮಾಡಬೇಡಿ. ಇದ್ದಕ್ಕಿದ್ದಂತೆ ಕಿವಿ ಕೇಳದಾದರೆ ಅವತ್ತೇ ಹೊರಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಜನ 'ಸ್ಪೀಚ್ ಅಂಡ್ ಹಿಯರಿಂಗ್' ಎನ್ನುತ್ತಾರೆ. 1960ರ ದಶಕದಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸಂಸ್ಥೆ. ದೇಶದ ಮೂಲೆಮೂಲೆಯಿಂದ ಅಲ್ಲಿಗೆ ಜನ ಬರುತ್ತಾರೆ. ನಮಗೆ ಅದು ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆ ಸೇರುವ ದಾರಿ.

ಟಿನ್ನಿಟಸ್ಸನ್ನು ಪೂರ್ತಿ ಅಳಿಸುವ ಮಾತ್ರೆ ಇವತ್ತಿಗೂ ಇಲ್ಲ. ಆದರೆ ಕಿವಿ ಮಂದವಾಗಿದ್ದವರಿಗೆ ಶ್ರವಣ ಸಾಧನದಿಂದ ಅನುಕೂಲವಾಗುತ್ತದೆ. ಮನಸ್ಸಿನ ಸಂಕಟ ಇಳಿಸಲು ಆಪ್ತಸಮಾಲೋಚನೆಯ ಕ್ರಮಗಳಿವೆ. ರಾತ್ರಿ ಫ್ಯಾನಿನ ಸದ್ದೂ ಆಸರೆಯಾಗುತ್ತದೆ.

*ಕರಿ ಎತ್ತು, ಬಿಳಿ ಎತ್ತು*

ಧ್ಯಾನಕ್ಕೆ ಕೂತರೆ ಈ ಸದ್ದು ಹೆಚ್ಚಾಗುತ್ತದೆ ಎಂದು ಕೆಲವರು ಹೇಳಿದ್ದಾರೆ. ಅದು ನಿಜ. ಸುತ್ತ ಮೌನವಾದಷ್ಟೂ ಇದೊಂದೇ ಎದ್ದು ಕೇಳುತ್ತದೆ. ವಿಹಾರದಲ್ಲಿ ಎಲ್ಲರೂ ಕಣ್ಣುಮುಚ್ಚಿ ಶಾಂತವಾಗಿರುವಾಗ ನನ್ನೊಳಗೆ ಕಾಡೆಲ್ಲ ಕೂಗುತ್ತಿರುತ್ತದೆ. ಹಾಗೆಂದು ವಿಹಾರ ಬಿಡಬೇಕಿಲ್ಲ. ನಡೆಯುತ್ತ ಮಾಡುವ ಧ್ಯಾನವನ್ನು ಬುದ್ಧರೇ ಹೇಳಿಕೊಟ್ಟಿದ್ದಾರೆ. ಕೂರಲೇಬೇಕಾದರೆ ಬಾಗಿಲ ಹತ್ತಿರ, ಹೊರಗಿನ ಗಾಳಿ, ಹಕ್ಕಿ ಕೇಳುವ ಕಡೆ ಕೂರಿ.

ಇಲ್ಲಿ ಸಾರಿಪುತ್ತರು ಕೊಟ್ಟ ಒಂದು ಹೋಲಿಕೆ ನನಗೆ ತುಂಬ ಉಪಕಾರ ಮಾಡಿದೆ. ಮಹಾಕೊಟ್ಠಿತರು ಅವರನ್ನು ಕೇಳುತ್ತಾರೆ: ಕಿವಿಯು ಸದ್ದಿಗೆ ಬಂಧನವೋ, ಸದ್ದು ಕಿವಿಗೆ ಬಂಧನವೋ? ಸಾರಿಪುತ್ತರು ಬೇಸಾಯದವರಿಗೆ ತಿಳಿಯುವ ಉತ್ತರ ಕೊಟ್ಟರು. ಒಂದು ಕರಿ ಎತ್ತು, ಒಂದು ಬಿಳಿ ಎತ್ತು, ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದೆ. ಕರಿ ಎತ್ತು ಬಿಳಿ ಎತ್ತನ್ನು ಕಟ್ಟಿಹಾಕಿದೆಯೆ? ಇಲ್ಲ. ಬಿಳಿ ಎತ್ತು ಕರಿ ಎತ್ತನ್ನು? ಅದೂ ಇಲ್ಲ. ಕಟ್ಟಿರುವುದು ನೊಗ ಮತ್ತು ಹಗ್ಗ. ಹಾಗೆಯೇ ಕಿವಿಯೂ ಬಂಧನವಲ್ಲ, ಸದ್ದೂ ಬಂಧನವಲ್ಲ. ಅವೆರಡರ ನಡುವೆ ಹುಟ್ಟುವ ಅಂಟೇ ಬಂಧನ.

ನನ್ನ ಕಿವಿಗೆ ಇದನ್ನು ಹಚ್ಚಿ ನೋಡುತ್ತೇನೆ. ಜೀರುಂಡೆಯ ಸದ್ದು ಒಂದು ಎತ್ತು. ಕಿವಿ ಇನ್ನೊಂದು. 'ಇದು ನಿಲ್ಲಲೇಬೇಕು', 'ಇನ್ನು ನಾನು ಯಾವ ಸಭೆಗೂ ಆಗಿಬರುವುದಿಲ್ಲ', 'ಜನ ನನ್ನನ್ನು ಕೆಪ್ಪ ಎನ್ನುತ್ತಾರೆ' – ಇವು ಹಗ್ಗ. ಎತ್ತುಗಳ ಮೇಲೆ ನನ್ನ ಕೈ ನಡೆಯುವುದಿಲ್ಲ. ಹಗ್ಗ ಸಡಿಲ ಮಾಡುವುದು ನನ್ನ ಕೈಯಲ್ಲಿದೆ, ಒಂದೇ ದಿನಕ್ಕಲ್ಲ, ದಿನಕ್ಕಿಷ್ಟು. ಸದ್ದು ಬಂದಾಗ 'ಸದ್ದು ಇದೆ' ಎಂದು ಗುರುತಿಸಿ, ಮುಂದಿರುವ ಮನುಷ್ಯನ ಮುಖ ನೋಡಿದರೆ ಸ್ವಲ್ಪ ಹೊತ್ತಾದರೂ ನೊಗ ಹಗುರಾಗುತ್ತದೆ.

*ಇಬ್ಬರ ನಡುವೆ ಇರುವುದು ಧಮ್ಮ*

ಹಗ್ಗ ಸಡಿಲಿಸುವುದು ನಮ್ಮ ಪಾಲು. ಆದರೆ ಅಲ್ಲಿಗೇ ನಿಲ್ಲಿಸಿದರೆ ಬಾಬಾಸಾಹೇಬರ ಬುದ್ಧನನ್ನು ಅರ್ಧ ಓದಿದ ಹಾಗೆ. ಧಮ್ಮ ಸಾಮಾಜಿಕವಾದದ್ದು ಎನ್ನುತ್ತಾರೆ ಅವರು. ಒಬ್ಬನೇ ಇರುವವನಿಗೆ ಧಮ್ಮದ ಅಗತ್ಯವಿಲ್ಲ. ಇಬ್ಬರು ಒಬ್ಬರೊಡನೊಬ್ಬರು ಬಾಳುವಾಗ ಧಮ್ಮಕ್ಕೆ ಜಾಗ ಕೊಡಲೇಬೇಕು, ತಪ್ಪಿಸಿಕೊಳ್ಳುವಂತಿಲ್ಲ. ಹಾಗಾದರೆ ಕಿವಿ ಕೇಳದವನ ಮಾತುಕತೆಯ ಹೊಣೆ ಅವನೊಬ್ಬನದೇ ಅಲ್ಲ, ಎದುರಿಗಿರುವವರದ್ದೂ ಹೌದು.

ನಮ್ಮ ಹಿರಿಯರನ್ನು ದೂರ ನಿಲ್ಲಿಸಿ ಮಾತಾಡಿಸುತ್ತಿದ್ದರು. ಅಂಗಳದಾಚೆ ನಿಂತು, ಪೂರ್ತಿ ಕೇಳಿಸದಿದ್ದರೂ 'ಆಯ್ತು ಬುದ್ಧಿ' ಎನ್ನಬೇಕಿತ್ತು. ಮತ್ತೆ ಕೇಳಿದರೆ ಬೈಗುಳ. ಇವತ್ತು ನಮ್ಮ ಸಭೆಯಲ್ಲೇ ನಮ್ಮ ಅಣ್ಣನೊಬ್ಬ ಕೇಳಿಸದೆ 'ಆಯ್ತು ಆಯ್ತು' ಎಂದು ತಲೆಯಾಡಿಸಿ ಹಿಂದಿನ ಕುರ್ಚಿಗೆ, ಆಮೇಲೆ ಬಾಗಿಲಿಗೆ, ಆಮೇಲೆ ಮನೆಗೆ ಸರಿದರೆ, ಆ ಹಳೆಯ ದೂರ ಬೇರೆ ಬಾಗಿಲಿನಿಂದ ಒಳಗೆ ಬಂದ ಹಾಗೆ. ಆದ್ದರಿಂದ *'ಇನ್ನೊಂದು ಸಲ ಹೇಳಿ' ಎಂದು ಕೇಳುವುದು ಬೇಡುವುದಲ್ಲ. ಸಮಾನನಾಗಿ ಕೂತವನ ಹಕ್ಕು ಅದು.*

ಕೇಳಿಸದವರಿಗೆ ನಾನು ಪಾಲಿಸುವ ಕೆಲವು ಮಾತು. ನಿಮ್ಮ ತೊಂದರೆಯನ್ನು ಕನಿಷ್ಠ ಒಬ್ಬರಿಗೆ ಬಿಡಿಸಿ ಹೇಳಿ. ಹೊರಗೆ ಕಾಣದ ನೋವು, ಹೇಳದೆ ಯಾರಿಗೂ ತಿಳಿಯದು. ಸಭೆಯಲ್ಲಿ ಮುಂದೆ ಕೂರಿ, ಚೆನ್ನಾಗಿ ಕೇಳುವ ಕಿವಿಯನ್ನು ಮಾತಾಡುವವರ ಕಡೆ ಇಟ್ಟುಕೊಳ್ಳಿ. ಮದುವೆಗೆ ಹೋಗಿ, ಆದರೆ ಡಿಜೆ ಹಾಕುವ ಹೊತ್ತಿಗಲ್ಲ. ಹಿಂದಿನ ದಿನ ಮನೆಗೇ ಹೋಗಿ ಇಬ್ಬರು ಮೂವರ ಜೊತೆ ಕೂತು ಮಾತಾಡಿ ಬನ್ನಿ, ಸಂಬಂಧ ಉಳಿಯುವುದು ಅಲ್ಲೇ. ಸುಸ್ತಾದರೆ ಹತ್ತು ನಿಮಿಷ ಆಚೆ ಹೋಗಿ, ಮತ್ತೆ ಒಳಗೆ ಬನ್ನಿ.

ಕೇಳಿಸುವವರಿಗೆ ಒಂದು ಮಾತು ವಿಶೇಷವಾಗಿ. ಯಾರಾದರೂ 'ಏನಂದ್ರಿ?' ಎಂದಾಗ 'ಏನಿಲ್ಲ ಬಿಡಪ್ಪ' ಎನ್ನಬೇಡಿ. ಸಣ್ಣ ಮಾತು ಅದು, ಆದರೆ ಬಾಗಿಲು ಮುಚ್ಚಿದ ಹಾಗೆ ಕೇಳುತ್ತದೆ. ಸಮ್ಯಕ್ ವಾಚಾ ಎಂದರೆ ಸುಳ್ಳು, ಚಾಡಿ ಹೇಳದಿರುವುದಷ್ಟೇ ಎಂದುಕೊಂಡಿದ್ದೇವೆ. ಆಡಿದ ಮಾತು ಎದುರಿನವರಿಗೆ ತಲುಪುವಂತೆ ಆಡುವುದನ್ನೂ ಅದರೊಳಗೆ ಸೇರಿಸಿಕೊಳ್ಳೋಣ. ಎದುರು ನಿಂತು, ಮುಖ ಕಾಣುವಂತೆ, ನಿಧಾನವಾಗಿ. ಹಿಂದಿನಿಂದ ಕೂಗುವ ಬದಲು ಭುಜ ಮುಟ್ಟಿ. 'ಕೆಪ್ಪ', 'ಕಿವುಡ' ಎಂದು ಅಡ್ಡಹೆಸರು ಇಡಬೇಡಿ. ಹೆಸರಿನ ಬದಲು ಬೇರೆ ಪದದಿಂದ ಕರೆಸಿಕೊಂಡ ನೋವು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಭೆಯ ತೀರ್ಮಾನವನ್ನು ಈ ಗುಂಪಿನಲ್ಲಿ ನಾಲ್ಕು ಸಾಲು ಬರೆದು ಹಾಕಿದರೆ ಕೇಳಿಸದವರೂ ತೀರ್ಮಾನದಲ್ಲಿ ಪಾಲುದಾರರಾಗುತ್ತಾರೆ.

*ನಮ್ಮ ಮೆರವಣಿಗೆ, ನಮ್ಮ ಮಕ್ಕಳ ಕಿವಿ*

ಇದು ಹೇಳಲು ಕಷ್ಟದ ಮಾತು. ಏಪ್ರಿಲ್ 14ರ ಮೆರವಣಿಗೆಯ ಸದ್ದಿಗೆ ಒಂದು ಅರ್ಥವಿದೆ. ತಲೆ ತಗ್ಗಿಸಿ ಹೋಗಬೇಕಿದ್ದ ಬೀದಿಯಲ್ಲಿ ಬಾಬಾಸಾಹೇಬರ ಹಾಡು ಹಾಕಿಕೊಂಡು ತಲೆಯೆತ್ತಿ ನಡೆಯುವ ಹೆಮ್ಮೆ ಅದು. ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಲೆಕ್ಕ ಮಾತ್ರ ಮುಂದಿಡುತ್ತೇನೆ. 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆ ಇರಬಹುದು ಎಂಬುದು ತಜ್ಞರು ಒಪ್ಪಿದ ಒಂದು ಮಿತಿ. ಪ್ರತಿ 3 ಡೆಸಿಬೆಲ್ ಏರಿದಾಗ ಆ ಹೊತ್ತು ಅರ್ಧವಾಗುತ್ತದೆ. 100 ಡೆಸಿಬೆಲ್ ಮುಟ್ಟಿದರೆ ಉಳಿಯುವುದು 15 ನಿಮಿಷ. ಡಿಜೆ ಪೆಟ್ಟಿಗೆಯ ಮುಂದೆ ಸದ್ದು ಇದನ್ನೂ ದಾಟಬಲ್ಲದು, ನಮ್ಮ ಹುಡುಗರು ಅಲ್ಲಿ ಗಂಟೆಗಟ್ಟಲೆ ಕುಣಿಯುತ್ತಾರೆ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಹಾಕಿರುವ ತಡೆ ಎಲ್ಲರ ಹಬ್ಬಕ್ಕೂ ಒಂದೇ. ಪೆಟ್ಟಿಗೆಯನ್ನು ಮಕ್ಕಳಿಂದ, ಮುದುಕರಿಂದ ದೂರ ಇಡೋಣ. ಸದ್ದು ಎರಡು ಮೆಟ್ಟಿಲು ಇಳಿಸೋಣ. ಬಾಬಾಸಾಹೇಬರನ್ನು ಓದಬೇಕಾದ, ಭಾಷಣ ಕೇಳಬೇಕಾದ ಕಿವಿಗಳು ಅವು.

ಕೊನೆಯದಾಗಿ, ವಿನಯಪಿಟಕದ ಒಂದು ಸಂಗತಿ. ಹೊಟ್ಟೆಬೇನೆಯಿಂದ ತನ್ನ ಹೊಲಸಿನಲ್ಲೇ ಬಿದ್ದಿದ್ದ ಒಬ್ಬ ಭಿಕ್ಕುವನ್ನು ಬುದ್ಧರು ಕಂಡರು. ಅವನಿಂದ ಬೇರೆಯವರಿಗೆ ಉಪಯೋಗವಿಲ್ಲ ಎಂದು ಯಾರೂ ನೋಡಿಕೊಂಡಿರಲಿಲ್ಲ. ಬುದ್ಧರು ನೀರು ಸುರಿದರು, ಆನಂದರು ಮೈ ತೊಳೆದರು, ಇಬ್ಬರೂ ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಸಂಘವನ್ನು ಕರೆದು, ಇಲ್ಲಿ ನಿಮಗೆ ತಾಯಿಯಿಲ್ಲ ತಂದೆಯಿಲ್ಲ, ಒಬ್ಬರನ್ನೊಬ್ಬರು ನೀವೇ ನೋಡಿಕೊಳ್ಳದಿದ್ದರೆ ಇನ್ನಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದರು. ರೋಗಿಯ ಆರೈಕೆ ಮಾಡುವುದು ತಮ್ಮ ಆರೈಕೆ ಮಾಡಿದಂತೆ ಎಂದರು.

*ಇಂದಿನ ಅಭ್ಯಾಸ:* ಇತ್ತೀಚೆಗೆ ಸಭೆಗೆ ಬರುವುದನ್ನು ಕಡಿಮೆ ಮಾಡಿರುವ ಒಬ್ಬ ಹಿರಿಯರನ್ನು ನೆನಪಿಸಿಕೊಳ್ಳಿ. ಸಂಜೆ ಅವರ ಮನೆಗೆ ಹೋಗಿ. ಟಿವಿ ಆರಿಸಿ, ಎದುರು ಕೂತು ಮಾತಾಡಿ. ಕಿವಿಯ ಬಗ್ಗೆ ಕೇಳಿ. ಬರುವ ಭಾನುವಾರ ವಿಹಾರಕ್ಕೆ ಬರುವಾಗ ಅವರನ್ನೂ ಜೊತೆಗೆ ಕರೆತನ್ನಿ, ಮುಂದಿನ ಸಾಲಿನಲ್ಲಿ ಕೂರಿಸಿ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.
ಜೈ ಭೀಮ್. ನಮೋ ಬುದ್ಧಾಯ.

– ಬೌದ್ಧ ಅಧ್ಯಯನ ವೃಂದ, ಮಾಂಬಳ್ಳಿ
(ಓದಿ, ಮನೆಯ ಹಿರಿಯರಿಗೂ ಓದಿಹೇಳಿ, ಇತರ ಧಮ್ಮಬಂಧುಗಳಿಗೆ ಕಳುಹಿಸಿ)